ಇಪ್ಪತ್ತು ಮೈಕ್ರಾನ್ ಜಗಳ, ನಾಲ್ಕು ಶನಿವಾರದ ರಾಜಿ

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೂರು ಸಿಎನ್‌ಸಿ, ಎರಡು ಹಳೇ ಲೇತ್, ಎಂಟು ಜನ ಹುಡುಗರು. ಪಂಪಿಗೆ ಬೇಕಾದ ಗನ್‌ಮೆಟಲ್ ಬುಷ್ (ಶಾಫ್ಟ್ ತಿರುಗಲು ಕೂರಿಸುವ ಲೋಹದ ಬಳೆ), ಸ್ಲೀವ್, ಶಾಫ್ಟ್ ಮಾಡಿಕೊಡುವುದು ನಮ್ಮ ಕೆಲಸ. 2019ರಲ್ಲಿ ಒಂದು ಬಾಕಿ ಹಣದ ವಿಷಯಕ್ಕೆ ನಾನು ರಾಜಿ ಸಂಧಾನಕ್ಕೆ ಕೂತೆ. ಮೂರನೆಯವರೊಬ್ಬರು ಕೂತು ಎರಡೂ ಕಡೆಯನ್ನು ಒಪ್ಪಿಸಲು ನೋಡುವುದು, ತೀರ್ಪು ಕೊಡುವುದಲ್ಲ. ಕಾನೂನಿನಲ್ಲಿ ಅದಕ್ಕೆ ಕನ್ಸಿಲಿಯೇಷನ್ ಅಂತಾರೆ. 1996ರ ಆರ್ಬಿಟ್ರೇಷನ್ ಅಂಡ್ ಕನ್ಸಿಲಿಯೇಷನ್ ಕಾಯ್ದೆಯ ಮೂರನೇ ಭಾಗದಲ್ಲಿ, 61ರಿಂದ 81ನೇ ಸೆಕ್ಷನ್‌ವರೆಗೆ, ಅದರ ಬಗ್ಗೆ ಇತ್ತು. ಆ ಕಾಯ್ದೆಯ ಹೆಸರಲ್ಲೇ ಇರುವ ಎರಡನೇ ಪದ ಇದು. ಆದರೂ ನಮ್ಮ ರಸ್ತೆಯ ಇಪ್ಪತ್ತು ಅಂಗಡಿಯಲ್ಲಿ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಂಧಾನದಲ್ಲಿ ನಡೆದದ್ದನ್ನು ಗುಟ್ಟಾಗಿ ಇಡಬೇಕು ಅಂತ ಆ ಕಾಯ್ದೆಯ 75ನೇ ಸೆಕ್ಷನ್ ಹೇಳುತ್ತದೆ. ಎರಡೂ ಕಡೆಯವರಿಗೆ, ಸಂಧಾನಕಾರರಿಗೆ, ಎಲ್ಲರಿಗೂ ಅದು ಅನ್ವಯ. ಹಾಗಾಗಿ ಆ ಕಡೆಯವರನ್ನು ಕೇಳಿ, ಅವರು ಓದಿ ಒಪ್ಪಿದ ಮೇಲೆಯೇ ಇದನ್ನು ಹಾಕುತ್ತಿದ್ದೇನೆ. ಯಾರ ಹೆಸರೂ ಹೇಳುವುದಿಲ್ಲ. ಅವರನ್ನು ನಾನು ಮೊದಲಿನಿಂದ ಯಜಮಾನ್ರು ಅಂತಲೇ ಕರೆಯುವುದು, ಇಲ್ಲೂ ಹಾಗೇ ಕರೆಯುತ್ತೇನೆ.

ಯಜಮಾನ್ರು ಪಂಪ್ ಮಾಡುವವರು. ನಾನು ಒಂದೇ ಲೇತ್ ಇಟ್ಟುಕೊಂಡು ಬಾಡಿಗೆ ಶೆಡ್ಡಿನಲ್ಲಿ ಶುರು ಮಾಡಿದಾಗ ಮೊದಲ ಆರ್ಡರ್ ಕೊಟ್ಟವರು ಅವರೇ. ಹನ್ನೊಂದು ವರ್ಷ ವ್ಯವಹಾರ ನಡೆದಿತ್ತು. 2019ರ ಜನವರಿ, ಫೆಬ್ರವರಿಯಲ್ಲಿ ಮೂರು ಲಾಟ್ ಬುಷ್ ಕಳಿಸಿದೆವು. ಮೊದಲನೆಯದು 5,20,000 ರೂಪಾಯಿ, ಎರಡನೆಯದು 4,80,000, ಮೂರನೆಯದು 4,60,000. ಒಟ್ಟು 14,60,000. ನಮ್ಮಂಥವರಿಗೆ ಅದು ಸಣ್ಣ ದುಡ್ಡಲ್ಲ. ಬಿಲ್ ಹಾಕಿದ ತಿಂಗಳೇ ಜಿಎಸ್‌ಟಿಯನ್ನು ಕೈಯಿಂದ ಕಟ್ಟಿದ್ದೆ. ಗನ್‌ಮೆಟಲ್ ರಾಡ್ ಕೊಟ್ಟವನು ದಿನಾ ಫೋನ್ ಮಾಡುತ್ತಿದ್ದ.

ಮಾರ್ಚ್ 28ರಂದು ಅವರ ಕಡೆಯಿಂದ ಪತ್ರ ಬಂತು. ಮೂರನೇ ಲಾಟಿನ 2,300 ಬುಷ್‌ನಲ್ಲಿ ಬೋರ್, ಅಂದರೆ ಒಳಗಿನ ತೂತು, ಬಿಗಿ ಇದೆ, ಪಂಪ್ ಜಾಮ್ ಆಗುತ್ತಿದೆ, ಡೀಲರ್‌ಗಳು ವಾಪಸ್ ಕಳಿಸುತ್ತಿದ್ದಾರೆ, ನಮಗೆ 6 ಲಕ್ಷ ನಷ್ಟ ಆಗಿದೆ, ಅದು ಇತ್ಯರ್ಥ ಆಗುವವರೆಗೆ ಮೂರೂ ಲಾಟಿನ ಹಣ ಕೊಡುವುದಿಲ್ಲ ಅಂತ. ಫೋನ್ ಮಾಡಿದರೆ ಎತ್ತಲಿಲ್ಲ. ಅವರ ಪರ್ಚೇಸ್‌ನವರು ಎತ್ತಿ, "ಪತ್ರದಲ್ಲಿ ಬರೆದಿದೆಯಲ್ಲ" ಅಂದರು. ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರ ನಡುವೆ ಪತ್ರ ಓಡಾಡಿದ್ದು ಅದೇ ಮೊದಲು.

ವಕೀಲೆ ಮೇಡಂ ಹತ್ತಿರ ಹೋದೆ. ಅವರು ಕಾಗದ ಎಲ್ಲ ನೋಡಿ, "ನಿಮ್ಮ ಕೇಸ್ ಗಟ್ಟಿ ಇದೆ" ಅಂದರು. ನಮ್ಮದು ನೋಂದಣಿ ಆದ ಸಣ್ಣ ಘಟಕ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕು. ಮಾಲಿನ ಬಗ್ಗೆ ತಕರಾರಿದ್ದರೆ ಡೆಲಿವರಿಯಾದ 15 ದಿನದಲ್ಲಿ ಬರಹದಲ್ಲಿ ತಿಳಿಸಬೇಕು, ಇಲ್ಲದಿದ್ದರೆ ಮಾಲು ಒಪ್ಪಿಕೊಂಡ ಹಾಗೇ ಲೆಕ್ಕ. ಮೂರನೇ ಲಾಟ್ ಹೋಗಿದ್ದು ಫೆಬ್ರವರಿ 22ಕ್ಕೆ, ಅವರ ಪತ್ರ ಬಂದದ್ದು 34 ದಿನ ಆದ ಮೇಲೆ. ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಆ ವರ್ಷ ಜೂನ್‌ನಲ್ಲಿ ಬ್ಯಾಂಕ್ ದರ ಶೇ 6 ಇತ್ತು, ಅಂದರೆ ಶೇ 18. ಎಂಎಸ್‌ಎಂಇ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ಅಲ್ಲಿ ಮೊದಲು ಸಂಧಾನ, ಆಗದಿದ್ದರೆ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗೆ ಕೊಡುವ ತೀರ್ಪು. ಕಮರ್ಷಿಯಲ್ ಕೋರ್ಟಿಗೂ ಹೋಗಬಹುದು. ಮೂರು ಲಕ್ಷಕ್ಕಿಂತ ಜಾಸ್ತಿಯ ವಾಣಿಜ್ಯ ವ್ಯಾಜ್ಯಕ್ಕೆ ಆ ದಾರಿ ಇದೆ, ಆದರೆ ತುರ್ತು ಆದೇಶ ಏನೂ ಬೇಡವಾದರೆ ದಾವೆ ಹಾಕುವ ಮುಂಚೆ ಅಲ್ಲೂ ಮಧ್ಯಸ್ಥಿಕೆಗೆ ಕೂರಲೇಬೇಕು.

ಇಷ್ಟು ಕೇಳಿ ನನಗೆ ಖುಷಿ ಆಗಬೇಕಿತ್ತು. ಆಗಲಿಲ್ಲ. ಯಾಕೆ ಅನ್ನುವುದು ನನಗೆ ಗೊತ್ತಿತ್ತು, ಮೇಡಂಗೆ ಹೇಳಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

"ಅವರ ಜೊತೆ ಮುಂದೆ ವ್ಯವಹಾರ ಬೇಕಾ, ಬೇಡವಾ?" ಮೇಡಂ ಕೇಳಿದರು. ಬೇಕು ಅಂದೆ. ನಮ್ಮ ಕೆಲಸದಲ್ಲಿ ಅರ್ಧ ಅವರದ್ದೇ. ಆಗ ಅವರು 62ನೇ ಸೆಕ್ಷನ್ ತೆಗೆದರು.

ಅದು ತುಂಬ ಸರಳ. ಜಗಳ ಯಾವುದು ಅಂತ ಚುಟುಕಾಗಿ ಬರೆದು, ಸಂಧಾನಕ್ಕೆ ಬನ್ನಿ ಅಂತ ಬರಹದಲ್ಲಿ ಕರೆಯಬೇಕು. ಅವರು ಬರಹದಲ್ಲಿ ಒಪ್ಪಿದರೆ ಸಂಧಾನ ಶುರು. ಬೇಡ ಅಂದರೆ ಇಲ್ಲ. 30 ದಿನ ಉತ್ತರ ಬರದಿದ್ದರೆ ಬೇಡ ಅಂದ ಹಾಗೆ ತಿಳಿದುಕೊಳ್ಳಬಹುದು. ಒಪ್ಪಂದದಲ್ಲಿ ಸಂಧಾನದ ಮಾತು ಮೊದಲೇ ಬರೆದಿರಬೇಕು ಅಂತೇನೂ ಇಲ್ಲ. ನಮ್ಮ ಪರ್ಚೇಸ್ ಆರ್ಡರ್‌ನಲ್ಲಿ ಬರೆದಿರಲಿಲ್ಲ. ಇಬ್ಬರೂ ಒಪ್ಪಿದರೆ ಸಾಕು. ಕೋರ್ಟಿನಲ್ಲಿ ದಾವೆ ನಡೆಯುತ್ತಿದ್ದರೂ ಇದೇ ನಿಯಮ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್ ಕೆಳಗೆ ನ್ಯಾಯಾಧೀಶರು ಲೋಕ ಅದಾಲತ್‌ಗೋ ಮಧ್ಯಸ್ಥಿಕೆಗೋ ತಾವಾಗಿ ಕಳಿಸಬಹುದು, ಆದರೆ ಕನ್ಸಿಲಿಯೇಷನ್‌ಗೆ ಕಳಿಸಬೇಕಾದರೆ ಎರಡೂ ಕಡೆಯ ಒಪ್ಪಿಗೆ ಬೇಕೇಬೇಕು ಅಂತ ಸುಪ್ರೀಂ ಕೋರ್ಟ್ 2010ರ ಆಫ್‌ಕಾನ್ಸ್ ತೀರ್ಪಿನಲ್ಲಿ ಹೇಳಿದೆ.

ಮೇ 20ಕ್ಕೆ ಪತ್ರ ಕಳಿಸಿದೆವು. ಕಳಿಸುವಾಗ ಮೇಡಂ ನನ್ನ ಡೈರಿ ಇಸಿದುಕೊಂಡು 2022ರ ಜನವರಿಯ ಪುಟದ ಬಗ್ಗೆ ಒಂದು ಸಾಲು ಬರೆದರು. ಬಾಕಿ ವಸೂಲಿಯ ದಾವೆಗೆ ಮೂರು ವರ್ಷದ ಕಾಲಮಿತಿ. "ಮಾತುಕತೆ ನಡೀತಾ ಇದೆ ಅಂತ ಗಡಿಯಾರ ನಿಲ್ಲುತ್ತೆ ಅಂದುಕೊಳ್ಳಬೇಡಿ" ಅಂದರು. ಸಂಧಾನ ನಡೆಯುವಾಗ ಅದೇ ಜಗಳಕ್ಕೆ ಕೋರ್ಟಿಗೆ ಹೋಗಬಾರದು ಅಂತ 77ನೇ ಸೆಕ್ಷನ್ ಇದೆ, ಆದರೆ ಹಕ್ಕು ಕೈತಪ್ಪುವ ಹಾಗಿದ್ದರೆ ಹೋಗಬಹುದು ಅಂತ ಅದರಲ್ಲೇ ಇದೆ. ಸಂಧಾನಕ್ಕೆ ಹೋಗುವ ಯಾರೇ ಆಗಲಿ ಈ ತಾರೀಖನ್ನು ಮೊದಲು ಬರೆದಿಟ್ಟುಕೊಳ್ಳಿ. ಎದುರಿನವರು ಸುಮ್ನೆ ಕಾಲ ತಳ್ಳಲು ಕೂತಿದ್ದರೆ ಕಾಯುವವನಿಗೇ ನಷ್ಟ.

ಯಜಮಾನ್ರ ಉತ್ತರ ಜೂನ್ 15ಕ್ಕೆ ಬಂತು. 26ನೇ ದಿನ. ಒಂದೇ ಸಾಲು, "ಒಪ್ಪಿದ್ದೇವೆ". ಕೆಳಗೆ ಅವರದ್ದೇ ಸಹಿ ಇತ್ತು, ಪರ್ಚೇಸ್‌ನವರದ್ದಲ್ಲ.

ಯಾರನ್ನು ಸಂಧಾನಕಾರರನ್ನಾಗಿ ಮಾಡುವುದು ಅನ್ನುವುದಕ್ಕೇ ಎರಡು ವಾರ ಹೋಯಿತು. ನಾನು ನಿವೃತ್ತ ನ್ಯಾಯಾಧೀಶರು ಇರಲಿ ಅಂದೆ. ಅವರು ಒಬ್ಬ ನಿವೃತ್ತ ಇಂಜಿನಿಯರ್ ಹೆಸರು ಹೇಳಿದರು. ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಇದ್ದವರು, ಆಮೇಲೆ ಸಂಧಾನದ ತರಬೇತಿ ತೆಗೆದುಕೊಂಡವರು. ಅವರು ಯಜಮಾನ್ರ ಕಡೆಯವರೇನೋ ಅಂತ ನನಗೆ ಅನುಮಾನ. ವಿಚಾರಿಸಿದೆ, ಇಬ್ಬರಿಗೂ ಪರಿಚಯ ಇರಲಿಲ್ಲ. ಸಂಧಾನಕಾರರು ವಕೀಲರೋ ಜಡ್ಜೋ ಆಗಿರಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಒಬ್ಬರು ಸಾಕು, ಇಬ್ಬರೂ ಒಪ್ಪಿದರೆ ಎರಡು ಮೂರು ಜನ ಇಟ್ಟುಕೊಳ್ಳಬಹುದು. ನಮಗೆ ಒಬ್ಬರೇ ಸಾಕಾಯಿತು. ಖರ್ಚನ್ನು ಎರಡೂ ಕಡೆ ಸಮನಾಗಿ ಹಂಚಿಕೊಳ್ಳಬೇಕು ಅಂತ ನಿಯಮ. ಒಟ್ಟು 30,000 ರೂಪಾಯಿ, ತಲಾ 15,000. ನ್ಯಾಯಾಧೀಶರು ಆಗಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಈಗ ಯೋಚಿಸಿದರೆ, ಯಜಮಾನ್ರು ಆರಿಸಿದ್ದೇ ಸರಿ ಅನ್ನಿಸುತ್ತದೆ.

ಎರಡೂ ಕಡೆಯವರು ಜಗಳ ಏನು ಅಂತ ಎರಡು ಮೂರು ಪುಟ ಬರೆದು ಕೊಟ್ಟೆವು. ಜುಲೈ 20ರ ಶನಿವಾರ ಮೊದಲ ಸಲ ಕೂತೆವು. ರಾಜಾಜಿನಗರದಲ್ಲಿ ಒಂದು ಆಫೀಸಿನ ಮೀಟಿಂಗ್ ರೂಮ್. ಒಂದು ಮೇಜು, ಆರು ಕುರ್ಚಿ. ಪ್ರಮಾಣ ಮಾಡಿಸುವುದು, ಪಾಟೀಸವಾಲು ಇಂಥದ್ದೇನೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಗಾಗಲಿ ಸಾಕ್ಷ್ಯ ಕಾಯ್ದೆಗಾಗಲಿ ಸಂಧಾನಕಾರರು ಬದ್ಧರಲ್ಲ.

ಆವತ್ತು ಅವರು ತಂದದ್ದು ಒಂದು ಮರದ ಪೆಟ್ಟಿಗೆ. ಒಳಗೆ ಬೋರ್ ಡಯಲ್ ಗೇಜ್, ತೂತಿನ ಅಳತೆ ನೋಡುವ ಉಪಕರಣ. ಯಜಮಾನ್ರ ಕಡೆಯವರು ಒಂದು ಬಟ್ಟೆ ಚೀಲದಲ್ಲಿ ಹತ್ತು ಬುಷ್ ತಂದಿದ್ದರು. ನಾನು ತಕ್ಷಣ ಒಂದನ್ನು ತೆಗೆದುಕೊಳ್ಳಲು ಕೈ ಚಾಚಿದೆ. "ಮುಟ್ಟಬೇಡಿ" ಅಂದರು ಸಂಧಾನಕಾರರು. "ಬಿಸಿಲಲ್ಲಿ ಗಾಡಿಯಲ್ಲಿ ಬಂದಿವೆ. ಅರ್ಧ ಗಂಟೆ ಮೇಜಿನ ಮೇಲೆ ತಣ್ಣಗಾಗಲಿ. ಕೈಯಲ್ಲಿ ಹಿಡಿದು ಅಳೆದರೆ ಎರಡು ಮೂರು ಮೈಕ್ರಾನ್ ಅಲ್ಲೇ ಹೋಗುತ್ತೆ." ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ಹತ್ತು ಬುಷ್ ಮೇಜಿನ ಮೇಲೆ ಸಾಲಾಗಿ ಕೂತವು. ನಾವು ಸುತ್ತ ಕೂತೆವು. ಕಾಫಿ ಬಂತು. ಮಾತಾಡಲು ಏನೂ ಇಲ್ಲ. ಹತ್ತು ನಿಮಿಷ ಆದ ಮೇಲೆ ಯಜಮಾನ್ರು ನನ್ನ ಕಡೆ ನೋಡದೇ, "ಮಗಳ ಪಿಯುಸಿ ಏನಾಯ್ತಪ್ಪ?" ಅಂದರು. ಪಾಸಾದಳು, ಬಿಕಾಂಗೆ ಸೇರಿಸಿದೆ ಅಂದೆ. "ಹೂಂ" ಅಂದರು. ನಾಲ್ಕು ತಿಂಗಳಲ್ಲಿ ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ. ಆದರೆ ಆ ಅರ್ಧ ಗಂಟೆ ಇಲ್ಲದೇ ಹೋಗಿದ್ದರೆ ಮುಂದಿನ ಮೂರು ಶನಿವಾರ ಇರುತ್ತಿರಲಿಲ್ಲ ಅಂತ ನಾನು ಈಗಲೂ ನಂಬಿದ್ದೇನೆ.

ಅಳೆದರು. ಬುಷ್‌ನ ಅಳತೆ ಬರೆದ ಡ್ರಾಯಿಂಗ್ ನಡುವೆ ಒಮ್ಮೆ ಬದಲಾಗಿತ್ತು. ಅದರ ಹಳೇ ರೂಪದಲ್ಲಿ ಬೋರ್ 25 ಎಚ್‌7. ಅಂದರೆ 25.000 ಮಿಲಿಮೀಟರ್‌ನಿಂದ 25.021ರೊಳಗೆ ಇರಬೇಕು. ಹೊಸದರಲ್ಲಿ 25 ಎಫ್‌7, 25.020ರಿಂದ 25.041ರವರೆಗೆ. ಹತ್ತಕ್ಕೆ ಹತ್ತೂ ಹಳೇ ಅಳತೆಯಲ್ಲಿ ಸರಿಯಾಗಿ ಕೂತವು, ಹೊಸದಕ್ಕೆ ಬಿಗಿ. ಇಪ್ಪತ್ತು ಮೈಕ್ರಾನ್ ವ್ಯತ್ಯಾಸ. ತಲೆಕೂದಲಿಗಿಂತ ತೆಳು.

"ಹಾಗಾದರೆ ಬುಷ್ ಕೆಟ್ಟಿಲ್ಲ. ಹಳೇ ಡ್ರಾಯಿಂಗಿಗೆ ಸರಿಯಾಗೇ ಇದೆ. ಹೊಸ ಡ್ರಾಯಿಂಗ್ ಯಾವಾಗ ಯಾರ ಕೈಗೆ ಬಂತು ಅನ್ನುವುದೇ ನಿಮ್ಮ ಜಗಳ" ಅಂದರು. ಜಗಳ ಏನು ಅಂತ ಯಾರಾದರೂ ಇಷ್ಟು ಚಿಕ್ಕದಾಗಿ ಹೇಳಿದ್ದು ಅದೇ ಮೊದಲು. ನಮ್ಮ ಎರಡೂ ಪತ್ರದಲ್ಲಿ ಅದು ಇರಲಿಲ್ಲ.

ಎರಡನೇ ಶನಿವಾರ ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿಕೊಂಡರು. 69ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಶುರುವಿನಲ್ಲೇ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನೀವು ಹೇಳಿದ್ದು ಅವರಿಗೂ ತಿಳಿಯಲಿ ಅನ್ನಿಸಿದರೆ ನಾನು ಹೇಳುತ್ತೇನೆ. ಇದು ನನ್ನಲ್ಲೇ ಇರಲಿ ಅಂದರೆ ನನ್ನಲ್ಲೇ ಇರುತ್ತೆ. ನಾಳೆ ಇದು ಮುರಿದು ಕೋರ್ಟಿಗೆ ಹೋದರೂ ಇಲ್ಲಿ ಒಪ್ಪಿಕೊಂಡ ಮಾತನ್ನು ಅಲ್ಲಿ ಸಾಕ್ಷಿಯಾಗಿ ತರುವ ಹಾಗಿಲ್ಲ. ನನ್ನನ್ನೂ ಸಾಕ್ಷಿಗೆ ಕರೆಯುವ ಹಾಗಿಲ್ಲ."

70, 81, 80. ಮೂರು ಸೆಕ್ಷನ್ ಅವು. ಆಮೇಲೆ ಪುಸ್ತಕದಲ್ಲಿ ಹುಡುಕಿ ಓದಿದೆ. ಆವತ್ತು ಅವುಗಳ ನಂಬರ್ ಗೊತ್ತಿರಲಿಲ್ಲ. ನಾನು ಬಾಯಿ ಬಿಟ್ಟದ್ದು ಮಾತ್ರ ಆ ಮೂರು ಸೆಕ್ಷನ್‌ಗಳಿಂದಲೇ.

ಹೊಸ ಡ್ರಾಯಿಂಗ್ ನಮಗೆ ಬಂದಿತ್ತು. ಫೆಬ್ರವರಿ 11ರ ರಾತ್ರಿ ನಮ್ಮ ಸೂಪರ್‌ವೈಸರ್ ಫೋನಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಬೆಳಿಗ್ಗೆ ಅವನು ನನಗೆ ತೋರಿಸಿದ. ಅಷ್ಟು ಹೊತ್ತಿಗೆ 1,400 ಬುಷ್ ಆಗಿತ್ತು, ಇನ್ನು 900 ಬಾಕಿ. ಸೆಟ್ಟಿಂಗ್ ಬದಲಾಯಿಸಿದರೆ ಅರ್ಧ ದಿನ ಮಷೀನ್ ನಿಲ್ಲುತ್ತೆ. ಇಮೇಲ್ ಬಂದಿಲ್ಲ, ಅಧಿಕೃತ ಅಲ್ಲ, ಹೋಗಲಿ ಬಿಡು, ಓಡಿಸು ಅಂದವನು ನಾನೇ. ಮೇಡಂಗೆ ಇದನ್ನು ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಕಾನೂನು ನನ್ನ ಪರ ಇದೆ, 34 ದಿನ ಆಗಿದೆ ಅಂತ ಎಷ್ಟು ಸಲ ಕೇಳಿದರೂ ಹೊಟ್ಟೆಯಲ್ಲಿ ಇದು ಕೂತಿತ್ತು.

ಹೇಳಿಬಿಟ್ಟೆ. "ಅವರಿಗೆ ಹೇಳಬೇಡಿ ಸಾರ್" ಅಂದೆ. "ಹೇಳಲ್ಲ" ಅಂದರು. ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಪೆನ್ನು ಕೆಳಗಿಟ್ಟಿದ್ದರು. "1,400, 900. ಲೆಕ್ಕ ಇಟ್ಟುಕೊಂಡಿರಿ" ಅಂದರು, ಅಷ್ಟೇ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಮೂರನೇ ಭಾಗದ 80ನೇ ಸೆಕ್ಷನ್ ಪ್ರಕಾರ ಸಂಧಾನಕಾರರಾದವರು ಅದೇ ಜಗಳದಲ್ಲಿ ಆಮೇಲೆ ಆರ್ಬಿಟ್ರೇಟರ್ ಆಗುವ ಹಾಗಿಲ್ಲ, ಇಬ್ಬರೂ ಒಪ್ಪಿದರೆ ಬೇರೆ ಮಾತು. ಎಂಎಸ್‌ಎಂಇ ಕೌನ್ಸಿಲ್‌ನಲ್ಲಿ ಹಾಗಲ್ಲ. ಸಂಧಾನ ಮಾಡಿದ ಕೌನ್ಸಿಲ್ಲೇ ಮುಂದೆ ಆರ್ಬಿಟ್ರೇಷನ್ನನ್ನೂ ನಡೆಸಬಹುದು, 80ನೇ ಸೆಕ್ಷನ್ ಅದಕ್ಕೆ ಅಡ್ಡಿಯಾಗದು ಅಂತ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರ ಮಹಾಕಾಳಿ ಫುಡ್ಸ್ ತೀರ್ಪಿನಲ್ಲಿ ಹೇಳಿತು. ಕಾಯ್ದೆಯ ಪದ ಹಾಗಿದೆ, ತೀರ್ಪು ಹಾಗೆ ಬಂತು. ಬೇಗ ಮುಗಿಯಲಿ ಅನ್ನುವ ಉದ್ದೇಶವೂ ಅರ್ಥವಾಗುತ್ತದೆ. ಆದರೆ ನನ್ನಂಥವನು ಯೋಚಿಸುವುದೇ ಬೇರೆ. ಇವತ್ತು ಕೇಳಿಸಿಕೊಂಡವರೇ ನಾಳೆ ತೀರ್ಪು ಬರೆಯುತ್ತಾರೆ ಅಂತ ಗೊತ್ತಿದ್ದರೆ ಆ 900ರ ಲೆಕ್ಕ ನನ್ನ ಬಾಯಿಂದ ಬರುತ್ತಿರಲಿಲ್ಲ. ಅದು ಬರದಿದ್ದರೆ ರಾಜಿಯೂ ಆಗುತ್ತಿರಲಿಲ್ಲ. ಸಂಧಾನಕ್ಕೆ ಮತ್ತು ತೀರ್ಪಿಗೆ ನಡುವೆ ಒಂದು ಗೋಡೆ ಇರಲೇಬೇಕು. ಈ ಮಾತನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ.

ಯಜಮಾನ್ರು ಒಳಗೆ ಹೋಗಿ ಒಂದೂವರೆ ಗಂಟೆ ಕೂತರು. ನಾನು ಹೊರಗೆ ಮೆಟ್ಟಿಲ ಮೇಲೆ.

ಮೂರನೇ ಶನಿವಾರ, ಆಗಸ್ಟ್ 17. ಎಲ್ಲರೂ ಒಟ್ಟಿಗೆ ಕೂತೆವು. ಅವರ ಪರ್ಚೇಸ್‌ನವರು ಶುರು ಮಾಡಿದರು, ಡ್ರಾಯಿಂಗ್ ಕಳಿಸಿದ್ದೆವು, ನೋಡಬೇಕಾದ್ದು ಇವರ ಕೆಲಸ ಅಂತ. ನಾನು ಮನೆಯಿಂದಲೇ ನಿರ್ಧಾರ ಮಾಡಿಕೊಂಡು ಬಂದಿದ್ದೆ. ಸಂಧಾನಕಾರರು ಒತ್ತಾಯ ಮಾಡಿರಲಿಲ್ಲ, ಸೂಚನೆ ಕೂಡ ಕೊಟ್ಟಿರಲಿಲ್ಲ. "ಯಜಮಾನ್ರೇ, ಡ್ರಾಯಿಂಗ್ ಬಂದ ಮೇಲೆ ಒಂಬೈನೂರು ಬುಷ್ ಹಳೇ ಸೆಟ್ಟಿಂಗ್‌ನಲ್ಲೇ ಓಡಿಸಿದೆ. ಗೊತ್ತಿದ್ದೇ ಓಡಿಸಿದೆ. ಅದು ನನ್ನ ತಪ್ಪು. ಅದಕ್ಕೆ ಮುಂಚಿನ ಸಾವಿರದ ನಾನೂರು ನನ್ನ ತಪ್ಪಲ್ಲ" ಅಂದೆ.

ರೂಮಿನಲ್ಲಿ ಫ್ಯಾನ್ ಸದ್ದು ಮಾತ್ರ.

ಯಜಮಾನ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನೂ ಒಂದು ಹೇಳ್ತೀನಿ. ಮೊದಲ ಎರಡು ಲಾಟಿಗೆ ಬುಷ್‌ನಲ್ಲಿ ಏನೂ ದೋಷ ಇರಲಿಲ್ಲ. ದುಡ್ಡಿರಲಿಲ್ಲ ಕಣಪ್ಪ. ನನಗೆ ಬರಬೇಕಾದ್ದು ಎಂಟು ತಿಂಗಳಿಂದ ನಿಂತಿದೆ. ಬುಷ್ ಬಿಗಿ ಆಯ್ತು ಅಂದಾಗ ನನಗೆ ಒಂದು ನೆಪ ಸಿಕ್ಕಿತು."

ನಾನು ಅಷ್ಟು ತಿಂಗಳು ಅವರಿಗೆ ಕೊಡುವ ಮನಸ್ಸಿಲ್ಲ ಅಂದುಕೊಂಡಿದ್ದೆ. ಅವರು ನಾನು ಕೆಲಸ ಕೆಡಿಸಿ ಒಪ್ಪಿಕೊಳ್ಳುತ್ತಿಲ್ಲ ಅಂದುಕೊಂಡಿದ್ದರು. ಕೋರ್ಟಿನಲ್ಲಿ ಇದ್ದಿದ್ದರೆ ಎರಡು ಕಡೆಯ ವಕೀಲರೂ ಈ ಎರಡು ಮಾತು ಆಚೆ ಬರದ ಹಾಗೆ ನೋಡಿಕೊಳ್ಳುತ್ತಿದ್ದರು, ಅದು ಅವರ ಕರ್ತವ್ಯ.

ಅಲ್ಲಿಂದ ಮುಂದೆ ಲೆಕ್ಕ. ಲೆಕ್ಕಕ್ಕೆ ಬರುವ ಹೊತ್ತಿಗೆ ಎಲ್ಲ ಸಲೀಸಾಗುತ್ತದೆ ಅಂದುಕೊಳ್ಳಬೇಡಿ. ಮತ್ತೆ ಧ್ವನಿ ಏರಿತು. 6 ಲಕ್ಷ ನಷ್ಟದಲ್ಲಿ ಅರ್ಧವಾದರೂ ಕೊಡಿ ಅಂತ ಅವರು. ಬಡ್ಡಿಯೇ ಸುಮಾರು 1.2 ಲಕ್ಷ ಆಗುತ್ತೆ, ಅದನ್ನು ಕೊಡಿ ಅಂತ ನಾನು. ಒಂದು ಹಂತದಲ್ಲಿ ನಾನು ಎದ್ದು ನಿಂತೆ. ಎದ್ದು ಹೋಗಬಹುದಿತ್ತು ಕೂಡ. ಯಾರು ಬೇಕಾದರೂ ಯಾವಾಗ ಬೇಕಾದರೂ ಇದು ಸಾಕು ಅಂತ ಬರೆದು ಕೊಟ್ಟರೆ ಸಂಧಾನ ಅಲ್ಲಿಗೆ ಮುಗಿಯುತ್ತದೆ. ಯಾರೂ ಹಿಡಿದು ಕೂರಿಸುವುದಿಲ್ಲ. ಇದು ನನಗೆ ಕಷ್ಟ ಅನ್ನಿಸಿತು. ಜಡ್ಜ್ ಹೇಳಿದರು ಅಂತ ಸೋಲಬಹುದು, ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದು. ಇಲ್ಲಿ ಬಿಟ್ಟುಕೊಟ್ಟದ್ದೆಲ್ಲ ನಾವೇ ಬಿಟ್ಟುಕೊಟ್ಟದ್ದು.

ಆಗ ಸಂಧಾನಕಾರರು ತಮ್ಮ ಕಡೆಯಿಂದ ಒಂದು ದಾರಿ ಮುಂದಿಟ್ಟರು. ಇವರಿಗೆ ಈ ಅಧಿಕಾರ ಇದೆ. ಯಾವ ಹಂತದಲ್ಲಾದರೂ ಹೀಗೆ ಮಾಡಬಹುದಲ್ಲ ಅಂತ ಪ್ರಸ್ತಾವ ಇಡಬಹುದು, ಬರಹದಲ್ಲೇ ಇರಬೇಕು ಅಂತಿಲ್ಲ, ಕಾರಣ ಕೊಡಬೇಕು ಅಂತಲೂ ಇಲ್ಲ. ಕೋರ್ಟಿನ ಮಧ್ಯಸ್ಥಿಕೆಗೆ ಹೋಗಿಬಂದ ನನ್ನ ಗೆಳೆಯರೊಬ್ಬರ ಅನುಭವ ಬೇರೆ. ಅಲ್ಲಿನ ಮಧ್ಯಸ್ಥರು ಇಬ್ಬರಿಂದಲೇ ಮಾತು ಹೊರಡಿಸಿದರು, ತಾವಾಗಿ ಇಷ್ಟು ಕೊಡಿ ಅಂತ ಅನ್ನಲಿಲ್ಲವಂತೆ. ನಮಗೆ ಆ ಹೊತ್ತಿನಲ್ಲಿ ಮೂರನೆಯವರೊಬ್ಬರು ಮೊತ್ತ ಹೇಳುವುದು ಬೇಕಿತ್ತು. ಇಬ್ಬರಲ್ಲಿ ಯಾರೇ ಮೊದಲು ಹೇಳಿದ್ದರೂ ಇನ್ನೊಬ್ಬರು ಬೇಡ ಅನ್ನುತ್ತಿದ್ದರು.

ಅವರು ಮೊದಲು ಕೇಳಿದ್ದು ಹಣದ ಪ್ರಶ್ನೆಯಲ್ಲ. "2,300ರಲ್ಲಿ ಎಷ್ಟು ಪಂಪಿಗೆ ಹಾಕಿದ್ದೀರಿ?" 600. "ಉಳಿದ 1,700?" ಗೋಡೌನ್‌ನಲ್ಲಿದೆ. "ಬೋರ್ ಬಿಗಿ ಇದ್ದರೆ ಬಿಡಿಸಬಹುದು. ಸಡಿಲ ಇದ್ದಿದ್ದರೆ ಗುಜರಿಗೆ ಹಾಕಬೇಕಿತ್ತು. ರೀಮರ್ ಹಾಕಿ ತೂತು ಸ್ವಲ್ಪ ದೊಡ್ಡದು ಮಾಡಿದರೆ 1,700ಕ್ಕೆ ಎಷ್ಟು ದಿನ?" ನಾನು ಹೇಳಿದೆ, ಐದು ದಿನ. ನಾಲ್ಕು ತಿಂಗಳು ಎರಡೂ ಕಡೆ ಇಪ್ಪತ್ತು ವರ್ಷದ ಅನುಭವ ಇದ್ದವರು ಕೂತಿದ್ದೆವು, ಈ ಪ್ರಶ್ನೆ ಒಬ್ಬರಿಗೂ ಹೊಳೆದಿರಲಿಲ್ಲ. ಸಿಟ್ಟಿನಲ್ಲಿ ಬುಷ್ ಕಣ್ಣಿಗೇ ಬಿದ್ದಿರಲಿಲ್ಲ.

ಹೀಗೆ ತೀರ್ಮಾನ ಆಯಿತು. 1,700 ಬುಷ್ ನಾನು ನನ್ನ ಖರ್ಚಿನಲ್ಲಿ ರೀಮ್ ಮಾಡಿಕೊಡಬೇಕು. ಪಂಪಿಗೆ ಹೋದ 600ರ ಬೆಲೆ 1,20,000 ರೂಪಾಯಿ ನಾನು ಬಿಡಬೇಕು. ನಷ್ಟದ 6 ಲಕ್ಷವನ್ನು ಅವರು ಬಿಡಬೇಕು, ಬಡ್ಡಿಯನ್ನು ನಾನು. ಉಳಿದ 13,40,000ದಲ್ಲಿ 3,40,000 ಸಹಿ ಹಾಕಿದ ದಿನ, 10 ಲಕ್ಷ ತಿಂಗಳಿಗೆ 1,25,000ದಂತೆ ಎಂಟು ಕಂತಿನಲ್ಲಿ, 2019ರ ಅಕ್ಟೋಬರ್‌ನಿಂದ 2020ರ ಮೇವರೆಗೆ. ಮುಂದೆ ಯಾವ ಡ್ರಾಯಿಂಗ್ ಬದಲಾದರೂ ಇಮೇಲ್‌ನಲ್ಲೇ ಕಳಿಸಬೇಕು, ನಾನು ಸಹಿ ಹಾಕಿ ವಾಪಸ್ ಕಳಿಸಿದ ಮೇಲೆಯೇ ಅದು ಲೆಕ್ಕಕ್ಕೆ. ಈ ಕೊನೆಯದ್ದು ಯಜಮಾನ್ರೇ ಬರೆಸಿದ್ದು. ಇಂಥದ್ದನ್ನು ಯಾವ ಕೋರ್ಟೂ ತೀರ್ಪಿನಲ್ಲಿ ಬರೆಯುವುದಿಲ್ಲ, ಅಲ್ವಾ?

ಜಿಎಸ್‌ಟಿಯೂ ನಮ್ಮನ್ನು ಬೇಗ ಒಪ್ಪಿಸಿತು. ಬಿಲ್ ಆದ 180 ದಿನದಲ್ಲಿ ಹಣ ಕೊಡದಿದ್ದರೆ ಖರೀದಿದಾರರು ತೆಗೆದುಕೊಂಡ ತೆರಿಗೆ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಜನವರಿ ಬಿಲ್‌ಗಳಿಗೆ ಆ ಗಡುವು ಜುಲೈನಲ್ಲೇ ದಾಟಿತ್ತು. ನನ್ನ ಕಡೆ, 1,20,000ಕ್ಕೆ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸುವ ಕಾಗದ) ಹಾಕಿ ತೆರಿಗೆ ಇಳಿಸಿಕೊಳ್ಳಬೇಕಾದರೆ ಅದು ಸೆಪ್ಟೆಂಬರ್ ರಿಟರ್ನ್‌ಗೆ ಬರಬೇಕಿತ್ತು, ಆಗಿನ ನಿಯಮ ಹಾಗಿತ್ತು. ಹಾಗಾಗಿ ಆಗಸ್ಟ್ 31ಕ್ಕೆ ಸಹಿ ಆಗಲೇಬೇಕು ಅಂತ ಎರಡೂ ಕಡೆಯ ಆಡಿಟರ್‌ಗಳು ಹಠ ಹಿಡಿದರು.

ಆ ನಾಲ್ಕನೇ ಶನಿವಾರ ಪೂರ್ತಿ ಹೋಗಿದ್ದು ಕಾಗದ ಬರೆಯುವುದರಲ್ಲಿ. ನಾನು, ಮಾತು ಮುಗಿದ ಮೇಲೆ ಒಂದು ಲೆಟರ್ ಬರೆದುಕೊಂಡರೆ ಆಯಿತಲ್ಲ ಅಂದೆ. ಮೇಡಂ ಬಿಡಲಿಲ್ಲ. ನಮ್ಮ ಕರ್ನಾಟಕದಿಂದಲೇ ಹೋದ ಮೈಸೂರು ಸಿಮೆಂಟ್ಸ್ ಪ್ರಕರಣ ಹೇಳಿದರು. ಅಲ್ಲಿ ಸಂಧಾನ ನಡೆದಿತ್ತು, ಕಾಗದಗಳೂ ಆಗಿದ್ದವು. ಆದರೆ 73ನೇ ಸೆಕ್ಷನ್ ಹೇಳಿದ ರೀತಿಯ ಒಪ್ಪಂದ ಆಗಿರಲಿಲ್ಲ. ಹಾಗಾಗಿ ಅದನ್ನು ಕೋರ್ಟಿನ ಡಿಕ್ರಿ ತರಹ ಜಾರಿ ಮಾಡಲು ಆಗುವುದಿಲ್ಲ ಅಂತ 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿಯಾದ ಕಾಗದ ಅಂದರೆ, ಷರತ್ತುಗಳನ್ನು ಬರೆದು, ಎರಡೂ ಕಡೆ ಸಹಿ ಹಾಕಿ, ಸಂಧಾನಕಾರರು ದೃಢೀಕರಿಸಿ, ಇಬ್ಬರಿಗೂ ಒಂದೊಂದು ಪ್ರತಿ ಕೊಡಬೇಕು. ಆಗ 74ನೇ ಸೆಕ್ಷನ್ ಪ್ರಕಾರ ಅದಕ್ಕೆ ಆರ್ಬಿಟ್ರೇಷನ್ ಅವಾರ್ಡ್‌ನ, ಅಂದರೆ ಅಲ್ಲಿನ ತೀರ್ಪಿನ, ತೂಕ ಬರುತ್ತದೆ. ಹಣ ಬರದಿದ್ದರೆ ಮತ್ತೆ ಹೊಸದಾಗಿ ದಾವೆ ಹಾಕಿ ಮೊದಲಿಂದ ಸಾಬೀತು ಮಾಡಬೇಕಾಗಿಲ್ಲ, ನೇರ ಜಾರಿಗೆ ಹೋಗಬಹುದು. ನಾಲ್ಕು ಪುಟ ಆಯಿತು. ಪ್ರತಿ ಪುಟದ ಕೆಳಗೂ ಸಹಿ. ಯಜಮಾನ್ರು ಚೆಕ್ ಬರೆಯುವಾಗ ನನ್ನ ಪೆನ್ನನ್ನೇ ಇಸಿದುಕೊಂಡರು.

ಈಗ ಈ ದಾರಿ ಹಿಡಿಯುವವರಿಗೆ ಒಂದು ಬದಲಾವಣೆ ಗೊತ್ತಿರಲಿ. 2023ರಲ್ಲಿ ಮಧ್ಯಸ್ಥಿಕೆ ಕಾಯ್ದೆ ಬಂತು. ಅದರಲ್ಲಿ ಮಧ್ಯಸ್ಥಿಕೆ ಅನ್ನುವ ಪದದೊಳಗೇ ಸಂಧಾನವೂ ಸೇರಿದೆ, 1996ರ ಕಾಯ್ದೆಯ ಮೂರನೇ ಭಾಗವನ್ನು ತೆಗೆದು ಎಲ್ಲವನ್ನೂ ಒಂದೇ ಹೆಸರಿಗೆ ತರುವುದು ಅದರ ಉದ್ದೇಶ. 2023ರ ಅಕ್ಟೋಬರ್ 9ರಿಂದ ಮೊದಲು ಜಾರಿಗೆ ಬಂದದ್ದು ಕೆಲವು ಸೆಕ್ಷನ್ ಮಾತ್ರ. ಹಾಗಾಗಿ ಪತ್ರ ಬರೆಯುವ ದಿನ ಯಾವ ಸೆಕ್ಷನ್ ಜಾರಿಯಲ್ಲಿದೆ ಅಂತ ನಿಮ್ಮ ವಕೀಲರನ್ನು ಕೇಳಿಕೊಂಡೇ ಬರೆಯಿರಿ. ಗುಟ್ಟು ಕಾಯುವುದು, ಬೇರೆಬೇರೆ ಕೂತು ಮಾತಾಡುವುದು ಹೊಸ ಕಾಯ್ದೆಯಲ್ಲೂ ಇವೆ.

1,700 ಬುಷ್‌ಗೆ ಐದು ದಿನ ಅಂದಿದ್ದೆ, ಏಳು ದಿನ ಹಿಡಿಯಿತು. ಯಜಮಾನ್ರು ಎರಡನೇ ದಿನ ವರ್ಕ್‌ಶಾಪಿಗೆ ಬಂದು ಪ್ಲಗ್ ಗೇಜ್ ಹಿಡಿದು ತಾವೇ ನೂರಿನ್ನೂರು ಚೆಕ್ ಮಾಡಿದರು.

ಕಂತುಗಳು ಮಾರ್ಚ್‌ವರೆಗೆ ಸರಿಯಾಗಿ ಬಂದವು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಏಪ್ರಿಲ್ ಕಂತು ಬರಲಿಲ್ಲ. ನಮ್ಮ ಶೆಟರ್ ಎಳೆದಿತ್ತು, ಹುಡುಗರಿಗೆ ಅರ್ಧ ಸಂಬಳವನ್ನಾದರೂ ಕೊಡಬೇಕಿತ್ತು. ಬೀರುವಿನಲ್ಲಿದ್ದ ನಾಲ್ಕು ಪುಟ ತೆಗೆದು ಮೇಜಿನ ಮೇಲಿಟ್ಟುಕೊಂಡು ಕೂತೆ. ಮೇಡಂಗೆ ಫೋನ್ ಮಾಡಿದರೆ, ಕೋರ್ಟ್ ತೆರೆದ ಮೇಲೆ ಜಾರಿ ಅರ್ಜಿ ಹಾಕಬಹುದು, ಹಕ್ಕು ಇದೆ ಅಂದರು. ಹಾಕಬೇಕು ಅಂತಲೂ ಒಂದು ಕ್ಷಣ ಅನ್ನಿಸಿತು. ಆವತ್ತು ಸಂಜೆ ಯಜಮಾನ್ರೇ ಫೋನ್ ಮಾಡಿದರು. ಹಿಂದಿನ ವರ್ಷ ಪರ್ಚೇಸ್‌ನವರ ಕೈಗೆ ಫೋನ್ ಕೊಟ್ಟು ಸುಮ್ಮನಾಗಿದ್ದವರು. "ಎರಡು ಕಂತು ಜುಲೈ, ಆಗಸ್ಟ್‌ಗೆ ತಳ್ಳು. ಬರೆದುಕೊಡ್ತೀನಿ" ಅಂದರು. ಒಂದು ಪುಟ ಬರೆದು, ಇಬ್ಬರೂ ಸಹಿ ಹಾಕಿ, ಹಳೇ ಒಪ್ಪಂದಕ್ಕೆ ಲಗತ್ತಿಸಿದೆವು.

ಕೊನೆಯ 1,25,000 ಆಗಸ್ಟ್‌ನಲ್ಲಿ ಬಂತು. ಅದೇ ವಾರ ಅವರಿಂದ ಒಂದು ಇಮೇಲ್ ಬಂತು. ಹೊಸ ಸ್ಲೀವ್‌ನ ಡ್ರಾಯಿಂಗ್, ಬದಲಾದ ಅಳತೆಗೆ ಕೆಂಪು ಗೆರೆಯ ಸುತ್ತು, ಕೆಳಗೆ ದೊಡ್ಡ ಅಕ್ಷರದಲ್ಲಿ, "ಸಹಿ ಹಾಕಿ ವಾಪಸ್ ಕಳಿಸಿದ ಮೇಲೆ ಮಷೀನ್ ಹತ್ತಿಸು". ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳಿಸಿದೆ. ಆಮೇಲೆ ಸೂಪರ್‌ವೈಸರ್‌ನನ್ನು ಕರೆದು ಹಳೇ ಸೆಟ್ಟಿಂಗ್ ಬಿಚ್ಚಿಸಿದೆ.